ಮಾರೋಗೆ ಸಿಕ್ಕಿದ ತುಳು

ದೋಹಾದ ಅಲ್ ಸದ್ದ್‌ನ ನಮ್ಮ ಕಟ್ಟಡದಲ್ಲಿ ಯಾರಾದರೂ ಪಿಜ್ಜಾ ತರಿಸಿಕೊಂಡ ಸಂಜೆ ಲಿಫ್ಟಿನೊಳಗೆ ಒಣ ಓರೆಗಾನೋ ಸೊಪ್ಪಿನ ವಾಸನೆ ಬಹಳ ಹೊತ್ತು ನಿಂತಿರುತ್ತದೆ. ಓಮ, ದೊಡ್ಡಪತ್ರೆ, ಬಿಸಿಲಿಗೆ ಕಾದ ಹುಲ್ಲು ಮೂರೂ ಸೇರಿ ಸಂಸಾರ ಹೂಡಿದಂಥ ವಾಸನೆ ಅದು. ಉಳಿದವರಿಗೆ ಅದರಿಂದ ಹಸಿವಾಗುತ್ತದೆ; ನನಗೆ ಹೊಟ್ಟೆಕಿಚ್ಚಾಗುತ್ತದೆ. ಐವತ್ತು ದಾಟಿದ, ಬಿ.ಪಿ. ಮಾತ್ರೆ ನುಂಗುವ, ಆಫೀಸಿನಲ್ಲಿ ‘ಸರ್’ ಅನ್ನಿಸಿಕೊಳ್ಳುವ ಮನುಷ್ಯನಿಗೆ ಇದು ಶೋಭೆಯಲ್ಲ ಎಂಬುದು ನನಗೂ ಗೊತ್ತು. ಆದರೆ ನೀವೂ ಚಿಕ್ಕಂದಿನಲ್ಲಿ ನಿಮ್ಮ ಅಜ್ಜಿಯನ್ನು ಹೊರಗಿನವರೊಂದಿಗೆ ಹಂಚಿಕೊಂಡವರಾದರೆ, ತೀರ್ಪು ಕೊಡುವ ಮುಂಚೆ ನನ್ನ ಕಡೆಯ ವಾದವನ್ನೂ ಕೇಳುತ್ತೀರಿ ಎಂದು ನಂಬಿದ್ದೇನೆ.

ನಾನು ಚಿಕ್ಕವನಿದ್ದಾಗ ಇದೇ ಊರಿನ ಮದೀನತ್ ಖಲೀಫಾದ ಹಳೆಯ ವಿಲ್ಲಾ ಒಂದನ್ನು ಎರಡು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಮೇಲೆ ಅಪ್ಪ, ಅಮ್ಮ, ನಾನು ಮತ್ತು ಉಡುಪಿ ಕಡೆಯಿಂದ ಬಂದಿದ್ದ ಅಪ್ಪನ ತಾಯಿ. ಕೆಳಗೆ ಒಬ್ಬ ಗ್ರೀಕ್ ಇಂಜಿನಿಯರ್, ಅವರ ಹೆಂಡತಿ, ನನ್ನ ವಯಸ್ಸಿನ ಮಗಳು ಎಲೇನಿ, ಮತ್ತು ಕತಾರಿನ ಸೆಕೆಯಲ್ಲೂ ಕರಿಯ ತಲೆವಸ್ತ್ರ ಬಿಚ್ಚದ ಇಂಜಿನಿಯರ ತಾಯಿ ಮಾರೋ. ನಮ್ಮ ಮನೆಯಲ್ಲಿ ಅಪ್ಪನದೊಂದು ಕಾನೂನಿತ್ತು: ಮಗನೊಂದಿಗೆ ಕನ್ನಡ ಅಥವಾ ಇಂಗ್ಲಿಷ್, ತುಳು ಮಾತ್ರ ಕೂಡದು, ಶಾಲೆಯ ಭಾಷೆ ಹಾಳಾಗುತ್ತದೆ. ಈ ಕಾನೂನನ್ನು ಅವರು ಹೊರಡಿಸಿದ್ದು ತುಳುವಿನಲ್ಲೇ. ಕೆಳಗಿನ ಮನೆಯಲ್ಲೂ ಅಂಥದೇ ಕಾನೂನು. ಮಾರೋಳ ತಾಯಿನುಡಿ ಗ್ರೀಕ್ ಅಲ್ಲ, ಅರ್ವಾನಿಟಿಕ. ಅಥೆನ್ಸ್ ಸುತ್ತಿನ ಹಳ್ಳಿಗಳಲ್ಲಿ ಮುದುಕರ ಬಾಯಲ್ಲಷ್ಟೇ ಉಳಿದಿದ್ದ, ಅಲ್ಬೇನಿಯನ್ನಿನ ನೆಂಟಸ್ತಿಕೆಯ ಮಾತು. ಅದನ್ನಾಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದವಳಂತೆ ಮಾರೋ. ಮೊಮ್ಮಗಳಿಗೆ ಆ ಗತಿ ಬೇಡವೆಂದು ಮಗ ಬಾಗಿಲು ಹಾಕಿದ್ದರು.

ಅಜ್ಜಿ ಕಾನೂನನ್ನು ಭಕ್ತಿಯಿಂದ ಪಾಲಿಸಿದಳು. ನನ್ನೊಂದಿಗೆ ಅವಳು ಆಡುತ್ತಿದ್ದುದು ರೇಡಿಯೋದ ವಾರ್ತೆಯಂಥ ಕನ್ನಡ. “ನಿನ್ನ ಊಟವಾಯಿತೇ?” ಎಂದು ಕೇಳುವಾಗ ಇಸ್ತ್ರಿ ಹಾಕಿದ ಸೀರೆಯನ್ನು ಮಡಿಕೆ ಮುರಿಯದೆ ಎತ್ತಿಡುವವಳ ಹಾಗಿರುತ್ತಿದ್ದಳು. ಆದರೆ ಮಾರೋ ವಿಷಯದಲ್ಲಿ ಅಪ್ಪ ಏನೂ ಹೇಳಿರಲಿಲ್ಲವಲ್ಲ! ಸಂಜೆ ಹಿತ್ತಲಿನ ಗೋಡೆಯ ನೆರಳಿನಲ್ಲಿ, ಏ.ಸಿ.ಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ, ಇಬ್ಬರೂ ಮೀನು ಹೆರೆಯಲು ಕೂರುತ್ತಿದ್ದರು. “ಬಲ ಮಾರೋ, ಕುಲ್ಲು. ಒಣಸ್ ಆಂಡಾ?” ಎನ್ನುತ್ತಿದ್ದಳು ಅಜ್ಜಿ: ಬಾ, ಕೂತುಕೋ, ಊಟ ಆಯ್ತಾ? ಅಲ್ಲಿಂದ ಮುಂದೆ ತಡೆಯೇ ಇಲ್ಲ. ಅಜ್ಜಿ ತುಳುವಿನಲ್ಲಿ ಸೊಸೆಯನ್ನು ಬೈಯುವಳು. ಮಾರೋ ಅರ್ವಾನಿಟಿಕದಲ್ಲಿ, ಬಹುಶಃ, ತನ್ನ ಸೊಸೆಯನ್ನು. ಒಬ್ಬಳದು ಇನ್ನೊಬ್ಬಳಿಗೆ ಒಂದಕ್ಷರ ತಿಳಿಯದು. ನಗು ಮಾತ್ರ ಒಟ್ಟಿಗೇ ಬರುತ್ತಿತ್ತು.

ಮೆಟ್ಟಿಲಿನ ಮೇಲೆ ನಾನು ಮತ್ತು ಎಲೇನಿ ಗಲ್ಲಕ್ಕೆ ಕೈ ಕೊಟ್ಟು ಕುಳಿತು, ನಮ್ಮ ಆಸ್ತಿ ಪರಭಾರೆಯಾಗುವುದನ್ನು ನೋಡುತ್ತಿದ್ದೆವು.

“ನನ್ನ ಯಾಯಾ ನನ್ನ ಹತ್ತಿರ ಹೀಗೆ ನಗುವುದೇ ಇಲ್ಲ,” ಎನ್ನುತ್ತಿದ್ದಳು ಎಲೇನಿ ಶಾಲೆಯ ಇಂಗ್ಲಿಷಿನಲ್ಲಿ, ಅಜ್ಜಿಯನ್ನು ಮಾತ್ರ ಗ್ರೀಕಿನಲ್ಲಿ ಕರೆದು. “ಎಲ್ಲ ನಿನ್ನ ಅಜ್ಜಿಯಿಂದ.”

“ನಿನ್ನ ಯಾಯಾ ಬರುವ ಮುಂಚೆ ನನ್ನ ಅಜ್ಜಿ ಸರಿಯಾಗಿಯೇ ಇದ್ದಳು,” ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಕದ್ದು ಕೇಳಿಯೇ ನನಗೆ ತುಳು ಅರ್ಥವಾಗತೊಡಗಿತ್ತು. ಎಂದಾದರೂ ಅಜ್ಜಿ ಮೈಮರೆತು ನನ್ನನ್ನೂ ‘ಒಣಸ್ ಆಂಡಾ’ ಎಂದು ಕೇಳಿಯಾಳು ಎಂದು, ಅದಕ್ಕೊಂದು ಉತ್ತರವನ್ನು ಬಾಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದೆ: ‘ಇಜ್ಜಿ.’ ‘ಇಲ್ಲ, ಆಗಿಲ್ಲ’ ಎಂದರೆ ಹತ್ತಿರ ಕೂರಿಸಿಕೊಂಡು ಬಡಿಸಬೇಕಾಗುತ್ತದಲ್ಲ.

ಎರಡು ಅಡಿಗೆಮನೆಗಳ ನಡುವೆ ಡಬ್ಬಗಳ ಓಡಾಟವೂ ಇತ್ತು: ಮೇಲಿನಿಂದ ಅರಿಶಿನ, ಕೆಳಗಿನಿಂದ ಓರೆಗಾನೋ. ಬಂದ ಡಬ್ಬವನ್ನು ಖಾಲಿ ಹಿಂದಿರುಗಿಸಬಾರದೆಂಬ ಶಿಸ್ತು ಇಬ್ಬರಿಗೂ ಹುಟ್ಟಿನಿಂದಲೇ ಬಂದದ್ದು. ಅಜ್ಜಿ ಅವುಗಳ ಮೇಲೆ ಕನ್ನಡ ಅಕ್ಷರದಲ್ಲಿ ತುಳು ಬರೆಯುತ್ತಿದ್ದಳು. ಮಾರೋ ಅದರ ಕೆಳಗೆ ಗ್ರೀಕ್ ಅಕ್ಷರದಲ್ಲಿ ತನ್ನ ಮಾತನ್ನು. ಗ್ರೀಕರಿಗೆ ‘ಶ’ ಇಲ್ಲ, ಅವಳ ಮಾತಿಗೋ ಅದಿಲ್ಲದೆ ನಡೆಯದು. ಹಾಗಾಗಿ ಅಕ್ಷರದ ನೆತ್ತಿಗೆ ಒಂದು ಚುಕ್ಕಿ ಇಟ್ಟು ಕೆಲಸ ಸಾಗಿಸುತ್ತಿದ್ದಳು. ಬೇರೆಯವರ ಅಂಗಿ ತೊಟ್ಟು, ತನ್ನ ಗುರುತಿಗೊಂದು ಗುಂಡಿ ಹೊಲಿದುಕೊಂಡ ಹಾಗೆ.

ಒಮ್ಮೆ ಅಪ್ಪನಿಗೂ ಇಂಜಿನಿಯರಿಗೂ ಏಕಕಾಲಕ್ಕೆ ಜ್ಞಾನೋದಯವಾಯಿತು. ಪಾಪ, ಮುದುಕಿಯರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ, ಇಂಗ್ಲಿಷ್ ಕಲಿಸೋಣ. ಕ್ಯಾಸೆಟ್ಟು ಬಂತು. ಶಿಷ್ಯೆಯರಿಬ್ಬರೂ ಗೋಡೆಯ ನೆರಳಿನಲ್ಲಿ ನೆಟ್ಟಗೆ ಕುಳಿತರು.

“ಹೌ ಆರ್ ಯೂ?” ಎಂದಳು ಅಜ್ಜಿ.

“ಐ ಆಮ್ ಫೈನ್,” ಎಂದಳು ಮಾರೋ.

ಇಬ್ಬರೂ ಫೈನ್ ಆದ ಮೇಲೆ ಆಡಲು ಉಳಿದಿದ್ದಾದರೂ ಏನು? ಕೆಲವು ಸಂಜೆ ಹಿತ್ತಲಿನಲ್ಲಿ ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಶಬ್ದ ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ ಅಜ್ಜಿ ಕಿರಾಣಿ ಅಂಗಡಿಯಲ್ಲಿ ಕಲಿತಿದ್ದ ಏಕೈಕ ಅರಬ್ಬಿ ಪದದಲ್ಲಿ “ಖಲಾಸ್!” ಎಂದು ಕ್ಯಾಸೆಟ್ಟನ್ನು ಅಪ್ಪನ ಕೈಗಿತ್ತು, ಮೀನಿನ ತಟ್ಟೆ ಹಿಡಿದು ಕೆಳಗಿಳಿದಳು. “ಬಲ ಮಾರೋ, ಕುಲ್ಲು.”

ಕೆಲಸ ಮುಗಿದು ಇಂಜಿನಿಯರ ಸಂಸಾರ ಊರಿಗೆ ಹೊರಟಾಗ, ಮಾರೋಳ ಕೈಯಲ್ಲಿ ಅಜ್ಜಿ ಅರಿಶಿನದ ಡಬ್ಬವೊಂದನ್ನು ಇಟ್ಟಳು. ಇಬ್ಬರೂ ಅಳಲಿಲ್ಲ, ಎಲೇನಿ ಅತ್ತಳು. ನಾನು ಒಳಗೊಳಗೇ ಹಿಗ್ಗಿದೆ, ಇನ್ನು ನನ್ನ ಸರದಿ ಎಂದು. ಮರುದಿನ ಸಂಜೆ ಹಿತ್ತಲಿಗೆ ಹೋಗಿ ಮಾರೋ ಕೂರುತ್ತಿದ್ದ ಮಣೆಯ ಮೇಲೆ ಕುಳಿತೆ. ಅಜ್ಜಿ ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ತುಟಿ ಅಲುಗಿತು. ಆಮೇಲೆ, “ನಿನ್ನ ಊಟವಾಯಿತೇ?” ಎಂದಳು.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ವಿಲ್ಲಾ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಕಳೆದ ಚಳಿಗಾಲದಲ್ಲಿ, ಇಂಟರ್ನೆಟ್ಟಿನಲ್ಲಿ ನನ್ನನ್ನು ಹುಡುಕಿ ತೆಗೆದ ಎಲೇನಿ, ಎಲ್ಲಿಗೋ ಹೋಗುವವಳು ದೋಹಾದಲ್ಲಿ ಇಳಿದು ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದಳು. ತಲೆ ಪೂರ್ತಿ ನರೆತಿತ್ತು. ಊಟ ಮುಗಿದ ಮೇಲೆ ಚೀಲದಿಂದ ಅದೇ ಡಬ್ಬ ತೆಗೆದಳು. ತುಂಬ ಓರೆಗಾನೋ. ಮೈಮೇಲೆ ಅಜ್ಜಿಯ ಕೈಬರಹ, ಅದರ ಕೆಳಗೆ ಮಾರೋಳ ಚುಕ್ಕಿಯ ಅಕ್ಷರ. ಎಲೇನಿ ಅದನ್ನು ಗಟ್ಟಿಯಾಗಿ ಓದಿದಳು. “ಓದಲು ಬರುತ್ತದೆ, ಅರ್ಥ ಗೊತ್ತಿಲ್ಲ,” ಎಂದಳು. “ಯಾಯಾ ಕೊನೆಯ ತನಕ ನನ್ನೊಂದಿಗೆ ಅದನ್ನು ಆಡಲಿಲ್ಲ.” ನನಗೆ ನಾಚಿಕೆಯಿಲ್ಲದ ಸಮಾಧಾನವಾಯಿತು.

“ಆದರೆ ನಿಮ್ಮದನ್ನು ಆಡುತ್ತಿದ್ದಳು,” ಎಂದಳು ಅವಳು. “ಅದಕ್ಕೆ ಅಪ್ಪನ ತಡೆ ಇರಲಿಲ್ಲವಲ್ಲ. ದಿನಾ ನಾನು ಶಾಲೆಯಿಂದ ಬಂದ ಕೂಡಲೇ ಕೇಳುವಳು. ಊರಿನವರೆಲ್ಲ ಅದನ್ನು ಅರಬ್ಬಿ ಎಂದುಕೊಂಡಿದ್ದರು.”

ನನ್ನ ಪಾಲಿನದು ಅಷ್ಟು ವರ್ಷ, ದಿನಾ ಸಂಜೆ, ಇವಳಿಗೆ ಬಡಿಸಲ್ಪಟ್ಟಿತ್ತು. ಹೊಟ್ಟೆಯೊಳಗೆ ಹಳೆಯ ಕಿಚ್ಚು ಧಗ್ಗೆಂದಿತು. ಎಲೇನಿ ಅದನ್ನು ಕಂಡಳೋ ಏನೋ, ಮುಂದೆ ಬಾಗಿ, ತಲೆಯನ್ನು ತುಸು ಓರೆಮಾಡಿ, ಥೇಟ್ ಹಿತ್ತಲಿನ ಆ ದನಿಯಲ್ಲೇ ಕೇಳಿದಳು: “ಒಣಸ್ ಆಂಡಾ?”

ತಟ್ಟೆಗಳು ಇನ್ನೂ ಮೇಜಿನ ಮೇಲೇ ಇದ್ದವು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದೆ.

“ಇಜ್ಜಿ,” ಎಂದೆ.