ತೊಲೆಗೆ ಕಟ್ಟಿದ ಕಾಯಿ

ಕಾಯಿ ಕಟ್ಟಿದ್ದ ಬಟ್ಟೆ ಹಳದಿಯದೆಂದೇ ನನ್ನ ನೆನಪು. ಅವ್ವನ ಹಳೆಯ ಸೀರೆಯ ಕೆಂಪು ತುಂಡೂ ಆಗಿದ್ದೀತು. ಬೇಲೂರಿನಲ್ಲಿ ಕೂತು ಬರೆಯುವವಳ ನೆನಪನ್ನು ಅಷ್ಟಾಗಿ ನಂಬಬೇಡಿ. ಕಾಯಿಯಂತೂ ನಿಜ. ಅರಸೀಕೆರೆಯ ನಮ್ಮ ನಡುಮನೆಯ ತೊಲೆಗೆ ಅವ್ವ ಸಿಪ್ಪೆ ಸಮೇತ ಒಂದು ತೆಂಗಿನಕಾಯಿ ಕಟ್ಟಿ, ಮಾಲೇಕಲ್ಲಿನ ವೆಂಕಟರಮಣನಿಗೆ ಹರಕೆ ಹೊತ್ತಿದ್ದಳು: ಅದರೊಳಗಿನ ನೀರು ಬತ್ತಿ ಕೊಬ್ಬರಿಯಾಗುವವರೆಗೆ ನನ್ನ ತಮ್ಮ ಕುಡಿಯದಿದ್ದರೆ, ಬೆಟ್ಟ ಹತ್ತಿ ಒಪ್ಪಿಸುವುದು. ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ತಮ್ಮನಿಗೆ ಅಷ್ಟು ವ್ಯವಧಾನವಿರಲಿಲ್ಲ. ಅವನು ಕುಡಿದು ಬಂದ ಮರುದಿನ ಅವ್ವ ಕಾಯಿ ಇಳಿಸಿ, ಸುಲಿದು, ಸಾರಿಗೆ ಅರೆದು, ಹೊಸದೊಂದನ್ನು ಕಟ್ಟುತ್ತಿದ್ದಳು. ಮುರಿದ ಹರಕೆಗಳ ರುಚಿ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು.

ಕಾಯಿ ಅಲ್ಲೇ ತೂಗುತ್ತಿರಲಿ. ಸ್ಫೂರ್ತಿ ಹಂಚಲು ಬಂದವರ ಸಂಭ್ರಮವನ್ನು ನೀವು ನೋಡಬೇಕಿತ್ತು. ಹಳೇಬೀಡಿನ ಸೋದರಮಾವ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ತಿಕ್ಕುತ್ತಲೇ, "ಮನ್ಸು ಗಟ್ಟಿ ಮಾಡ್ಕಳ್ಲಾ. ಮಗಳ ಮುಖ ನೋಡು. ಗಂಡಸಾಗಿ ಒಂದು ಚಟ ಬಿಡಕಾಗಲ್ವೇನ್ಲಾ?" ಎನ್ನುತ್ತಿದ್ದರು.

"ಮೊದ್ಲು ಬಾಯಲ್ಲಿರದನ್ನ ಉಗುದ್ಬಿಟ್ಟು ಬಂದು ಹೇಳಿ ಮಾವ," ಎಂದು ತಮ್ಮ ಒಮ್ಮೆ ಅಂದ. ಮಾವ ಅಂದು ಊಟ ಮಾಡದೆ ಬಸ್ಸು ಹತ್ತಿದರು.

ಎಂ.ಎ. ಓದಿದ ನಾನೋ, ಸೂರ್ಯೋದಯದ ಚಿತ್ರದ ಕೆಳಗೆ ಉಪದೇಶ ಬರೆದ ಸಂದೇಶಗಳನ್ನು ಬೆಳಬೆಳಗ್ಗೆ ಅವನ ಫೋನಿಗೆ ರವಾನಿಸುತ್ತಿದ್ದೆ. ಯಾರ ಪ್ರೋತ್ಸಾಹವೂ ಇಲ್ಲದೆ ಹುಟ್ಟುವ ಸೂರ್ಯನಿಂದ ಕುಡುಕ ಏನು ಕಲಿಯಬೇಕಿತ್ತೋ ನಾನರಿಯೆ. ಬದಲಾಗಲು ಒಂದು ದೊಡ್ಡ ಕಾರಣ ಸಿಕ್ಕರೆ ಸಾಕು ಎಂಬುದು, ಎಂದೂ ಏನನ್ನೂ ಬಿಡಬೇಕಾಗಿ ಬಾರದವರ ಸಿದ್ಧಾಂತ. ತಮ್ಮನಿಗೆ ಕಾರಣಗಳ ಬರವಿರಲಿಲ್ಲ. ಹೆಂಡತಿ, ಮಗಳು, ಡಾಕ್ಟರು ತೋರಿಸಿದ ಲಿವರಿನ ಚಿತ್ರ, ಎಲ್ಲವೂ ಇದ್ದವು. ಇದ್ದೂ ದಿನಾ ಸಂಜೆಯಾಗುತ್ತಿತ್ತು.

ಈ ಸಲ ಅವನು ತಾನೇ ಹೋಗಿ ಕುಡಿತ ಬಿಡಿಸುವ ಆಸ್ಪತ್ರೆ ಸೇರಿದ, ಬಂದಮೇಲೆ ಕುಡಿಯಲಿಲ್ಲ. ಯಾಕೆಂದು ಹೇಳಲಿಲ್ಲ. ಹೇಳದೆ ಇದ್ದುದರಿಂದ ಅವನ ಗೆಲುವನ್ನು ನಾವು ಆರಾಮಾಗಿ ಹಂಚಿಕೊಂಡೆವು: ಅವ್ವ ದೇವರಿಗೆ ಕೊಟ್ಟಳು, ಮಾವ ತಮ್ಮದೇ ನಾಲಗೆಗೆ, ನಾನು ನನ್ನ ಸೂರ್ಯನಿಗೆ.

ಮೊನ್ನೆ ಊರಿಗೆ ಹೋಗಿದ್ದಾಗ ಮಾವ ತೊಲೆ ನೋಡಿ, "ಇಳ್ಸಕ್ಕ, ಕೊಬ್ರಿ ಆಗೈತೆ. ಬೆಟ್ಟಕ್ಕೆ ಒಪ್ಪಿಸ್ಬಿಟ್ರೆ ಇವನ ಕತೆ ಮುಗೀತು," ಎಂದರು. ಅವ್ವ ಆಗಲೇ ಸ್ಟೂಲು ತಂದಿದ್ದಳು. ತಮ್ಮ ಹತ್ತಿ, ಕಾಯಿ ಬಿಚ್ಚಿ, ಕಿವಿಗೆ ಹಿಡಿದು ಅಲುಗಿಸಿದ. ಒಣಗಿದ್ದರೆ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಉರುಳುತ್ತದೆಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು.

"ಇನ್ನೂ ನೀರೈತೆ ಕಣವ್ವ," ಎಂದ.

"ಇನ್ನೆಷ್ಟ್ ದಿನ ಬೇಕ್ಲಾ?" ಎಂದರು ಮಾವ.

"ಅದನ್ನೇ ಕೇಳಿ ಮಾವ," ಎಂದು ಕಾಯಿಯನ್ನು ಅವರ ಮುಂದೆ ಹಿಡಿದ.

ಮಾವ ನಕ್ಕರು, ಅವನು ನಗಲಿಲ್ಲ. ಕಾಯಿಯನ್ನು ಮತ್ತೆ ತೊಲೆಗೆ ಕಟ್ಟತೊಡಗಿದ. ಬಟ್ಟೆಯ ಬಣ್ಣ ಯಾವುದೆಂದು ಆಗಲಾದರೂ ನೋಡಿಕೊಳ್ಳಬಹುದಿತ್ತು. ನಾನು ನೋಡಿದ್ದು ಒಂದರ ಮೇಲೊಂದು ಗಂಟು ಬಿಗಿಯುತ್ತಿದ್ದ ಅವನ ಬೆರಳುಗಳನ್ನು. ಯಾಕೆ ಬಿಟ್ಟೆ ಎಂದು ಅಷ್ಟು ದಿನವೂ ಪೀಡಿಸಿದವಳು, ಸ್ಟೂಲು ಹಿಡಿದು ನಿಂತು ಮೆಲ್ಲಗೆ ಬೇರೊಂದು ಪ್ರಶ್ನೆ ಕೇಳಿದೆ.

"ಇವತ್ತು ಕುಡೀಬೇಕು ಅನ್ನಿಸ್ತೇನೋ?"