ಇಪ್ಪತ್ತು ಪಾಯಿಂಟ್ ಒಂಬತ್ತು

ಗಲ್ಫಿನಲ್ಲಿ ನನ್ನ ಕೆಲಸ ಗಾಳಿ ನೋಡುವುದು. ಊರಿನಲ್ಲಿ ಹೀಗೆಂದರೆ ನಗುತ್ತಾರೆ. ಜೆಬೆಲ್ ಅಲಿಯ ಕಡೆ ಒಂದು ಸಣ್ಣ ಗುತ್ತಿಗೆ ಕಂಪನಿಯ ಯಾರ್ಡಿನಲ್ಲಿ ನಾವು ಉಕ್ಕಿನ ಟ್ಯಾಂಕುಗಳನ್ನು ಕಟ್ಟುತ್ತಿದ್ದೆವು. ಒಳಗೆ ಆಳು ಇಳಿಯುವ ಮೊದಲು ನಾನು ಮೀಟರಿನ ಕೊಳವೆ ಒಳಬಿಟ್ಟು, ಆಮ್ಲಜನಕ ಎಷ್ಟಿದೆ ಎಂದು ನೋಡಿ, ಪರ್ಮಿಟ್‌ಗೆ ಸಹಿ ಹಾಕಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ ಇಪ್ಪತ್ತು ಪಾಯಿಂಟ್ ಒಂಬತ್ತು ಪಾಲು. ಹತ್ತೊಂಬತ್ತೂವರೆಗಿಂತ ಕೆಳಗಿಳಿದರೆ ಯಾರೂ ಒಳಗೆ ಹೋಗುವಂತಿಲ್ಲ.

ಹೊಸಬರಿಗೆ ಪಾಠ ಹೇಳುವವನೂ ನಾನೇ. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಕೂಡ ಆಮ್ಲಜನಕ ತಿನ್ನುತ್ತದೆ ಎಂದರೆ ಅವರು ಬಾಯಿ ಬಿಟ್ಟು ಕೇಳುತ್ತಿದ್ದರು. ಉಸಿರು ಕಟ್ಟಿದಂತಾಗುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆಮ್ಲಜನಕವಷ್ಟೇ ಕಡಿಮೆಯಾದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಮೊದಲು ಕೆಡುವುದು ಬುದ್ಧಿ. ಮೈ ಹಗುರಾಗುತ್ತದೆ, ಖುಷಿಯಾಗುತ್ತದೆ, ನಗು ಬರುತ್ತದೆ. ಇದನ್ನು ನಾನು ಪ್ರತಿ ತಿಂಗಳೂ ಹೇಳುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹೇಳಿದ್ದು.

ಮೀಟರಿಗೆ ದಿನಾ ಬೆಳಿಗ್ಗೆ ಶುದ್ಧ ಗಾಳಿ ಯಾವುದೆಂದು ತೋರಿಸಬೇಕು. ಬಯಲಿಗೆ ಒಯ್ದು ಗುಂಡಿ ಒತ್ತಿದರೆ ಅಲ್ಲಿರುವ ಗಾಳಿಯನ್ನೇ ಅದು 20.9 ಎಂದು ಒಪ್ಪಿಕೊಳ್ಳುತ್ತದೆ. ಹೊಸ ಮೀಟರುಗಳು ಸಂಶಯ ಬಂದರೆ ತಕರಾರು ಮಾಡುತ್ತವೆ. ನನ್ನದು ಹಳೆಯದು, ಹೇಳಿದ್ದನ್ನು ನಂಬುವ ಜಾತಿ. ಬಯಲು ಇದ್ದದ್ದು ಗೇಟಿನ ಆಚೆ, ಇನ್ನೂರು ಹೆಜ್ಜೆ. ಆಗಸ್ಟ್ ತಿಂಗಳ ಬಿಸಿಲಲ್ಲಿ ಇನ್ನೂರು ಹೆಜ್ಜೆ ಯಾರು ನಡೆಯುತ್ತಾರೆ? ನಾನು ಶೆಡ್ಡಿನ ನೆರಳಲ್ಲಿ, ಟ್ಯಾಂಕಿನ ಬಾಯಿಯ ಪಕ್ಕದಲ್ಲೇ ನಿಂತು ಗುಂಡಿ ಒತ್ತುತ್ತಿದ್ದೆ. ಎಷ್ಟೋ ವರ್ಷದಿಂದ ಹಾಗೇ ಒತ್ತಿದ್ದೆ, ಏನೂ ಆಗಿರಲಿಲ್ಲ.

ಆ ದಿನ ಒಳಗಿಳಿದವನು ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ಚಿಕ್ಕವನು. ಐದು ಹೊತ್ತು ನಮಾಜು ಬಿಡದವನು, ಬೀಡಿ ಕೂಡ ಮುಟ್ಟದವನು. ಕಾರ್ಮಿಕರ ಕ್ಯಾಂಪಿನಲ್ಲಿ ಯಾರಾದರೂ ಕುಡಿದರೆ ಹಾಸಿಗೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದ. ಅವನನ್ನು ನಾವು ಮೌಲ್ವಿ ಎಂದು ರೇಗಿಸುತ್ತಿದ್ದೆವು.

ಹಿಂದಿನ ದಿನ ಸೋರಿಕೆ ಪರೀಕ್ಷೆಗೆಂದು ಟ್ಯಾಂಕಿಗೆ ನೈಟ್ರೋಜನ್ ತುಂಬಿದ್ದರು. ರಾತ್ರಿಯಿಡೀ ಬ್ಲೋವರ್ ಇಟ್ಟು ಅದನ್ನು ಎಳೆದು ಹಾಕಿಯಾಗಿತ್ತು. ನಾನು ನಿಂತದ್ದು ಆ ಬ್ಲೋವರ್ ಒಳಗಿನ ಗಾಳಿಯನ್ನು ಉಗುಳುವ ಜಾಗದಲ್ಲಿ. ಗುಂಡಿ ಒತ್ತಿದೆ. ಕೊಳವೆ ಒಳಗೆ ಬಿಟ್ಟೆ. 20.9 ಬಂತು. ಬಾರದೆ ಏನು, ಟ್ಯಾಂಕಿನ ಗಾಳಿಯನ್ನೇ ಶುದ್ಧವೆಂದು ಕಲಿಸಿ, ಟ್ಯಾಂಕಿನ ಗಾಳಿಯನ್ನೇ ಅಳೆದಿದ್ದೆ. ಸಹಿ ಹಾಕಿದೆ.

ಅವನು ಒಳಗೆ ಎರಡಾಳೆತ್ತರದ ಅಟ್ಟಣಿಗೆ ಹತ್ತಿ, ಸೊಂಟದ ಬೆಲ್ಟಿನ ಕೊಕ್ಕೆ ಸಿಕ್ಕಿಸಿ, ಬೆಸುಗೆಯನ್ನು ಗ್ರೈಂಡ್ ಮಾಡತೊಡಗಿದ. ಒಂದು ಗಂಟೆ ಕಳೆದಿರಬಹುದು, ಒಳಗಿಂದ ಹಾಡು ಕೇಳಿಸಿತು. ಹಾಡುವ ಮನುಷ್ಯನೇ ಅಲ್ಲ ಅವನು.

"ಅಣ್ಣಾ, ಇವತ್ತು ಎಂಥದ್ದು ಮಾರಾಯ್ರೇ, ಕೈಯೇ ಇಲ್ಲದ ಹಾಗೆ ಹಗುರ ಆಗ್ತಾ ಉಂಟು!"

"ಪದ್ಯ ಸಾಕು ಮಾರಾಯ, ಕೆಲಸ ಮುಗಿಸು, ಯಲ್ಲಾ, ಬೇಗ" ಎಂದೆ. ಅವನು ಜೋರಾಗಿ ನಕ್ಕ. ಮೀಟರು 19.8 ತೋರಿಸುತ್ತಿತ್ತು. ಇನ್ನೂ ನಿಯಮದೊಳಗೆ. ಪ್ರತಿ ತಿಂಗಳು ನಾನೇ ಹೇಳುತ್ತಿದ್ದ ಪಾಠ ನನ್ನ ಕಿವಿಯ ಮುಂದೆ ಹಾಡುತ್ತಿತ್ತು, ನನಗೆ ತಿಳಿಯಲಿಲ್ಲ. ಆಮೇಲೆ ಅವನು ದೂರದ ಮೂಲೆಗೆ ಕೈ ಚಾಚಲೆಂದು ಕೊಕ್ಕೆ ಬಿಚ್ಚಿದ. ಬಿದ್ದ ಸದ್ದು ಮಾತ್ರ ನನಗೆ ಕೇಳಿಸಿತು.

ಮುಖವಾಡ ಹಾಕಿಕೊಂಡ ರಕ್ಷಣೆಯವರು ಅವನನ್ನು ಹೊರಗೆಳೆದರು. ಆಂಬ್ಯುಲೆನ್ಸಿಗೆ ದಾರಿ ತೋರಿಸಲು ನಾನು ಗೇಟಿನಾಚೆ ಓಡಿದೆ. ಬಯಲು ತಲುಪುತ್ತಲೇ ಸೊಂಟದಲ್ಲಿದ್ದ ಮೀಟರು ಕಿರುಚತೊಡಗಿತು. ನೋಡಿದರೆ 25.7. ಬಯಲಿನ ಗಾಳಿಯಲ್ಲಿ ಅಷ್ಟು ಆಮ್ಲಜನಕ ಎಲ್ಲೂ ಇರುವುದಿಲ್ಲ. ಅಂದರೆ ಬೆಳಿಗ್ಗೆಯಿಂದ ಮೀಟರು ಎಲ್ಲವನ್ನೂ ಹೆಚ್ಚಾಗಿ ತೋರಿಸುತ್ತಿತ್ತು. ಒಂದೇ ಕ್ಷಣದಲ್ಲಿ ಎಲ್ಲ ಲೆಕ್ಕ ಸರಿಹೋಯಿತು. ಬೆಳಿಗ್ಗೆ ನಾನು 20.9 ಎಂದು ಬರೆದದ್ದು ನಿಜದಲ್ಲಿ ಹದಿನೇಳು. ಹಾಡು ಶುರುವಾದಾಗ ಹದಿನಾರು.

ನಾನು ಏನು ಮಾಡಿದೆ ಎಂದರೆ, ಗುಂಡಿ ಒತ್ತಿದೆ. ಮೀಟರು ಸುಮ್ಮನಾಯಿತು, 20.9 ಎಂದಿತು. ಹಿಂದಿರುಗಿ ಬಂದು ನೋಡಿದರೆ ಟ್ಯಾಂಕಿನ ಹಿಂದೆ ನೈಟ್ರೋಜನ್ ವಾಲ್ವ್ ಕಾಲು ಸುತ್ತು ತೆರೆದೇ ಇತ್ತು. ಅದನ್ನೂ ಬಿಗಿದೆ. ಭಯವಾಗಿತ್ತು. ಆದರೆ ಹೆದರಿದ ಕೈಯೂ ತನಗೆ ಬೇಕಾದದ್ದನ್ನು ಅಚ್ಚುಕಟ್ಟಾಗಿ ಮಾಡುತ್ತದೆ.

ವಿಚಾರಣೆ ನಡೆಯಿತು. ಮೀಟರು ಸರಿ, ಗಾಳಿ ಸರಿ, ಪರ್ಮಿಟ್ ಸರಿ. ಕೊಕ್ಕೆ ಬಿಚ್ಚಿದವನು ಅವನೇ. ಒಳಗೆ ಹಾಡುತ್ತಿದ್ದದ್ದನ್ನು ನಾಲ್ಕು ಜನ ಕೇಳಿದ್ದರು, ನಶೆಯಲ್ಲಿದ್ದನೆಂದೇ ಎಲ್ಲರ ಊಹೆ. ರಕ್ತಕ್ಕೆ ನೆನಪಿಲ್ಲ. ಆಂಬ್ಯುಲೆನ್ಸಿನಲ್ಲಿ ಆಮ್ಲಜನಕ ಕೊಟ್ಟ ಮೇಲೆ ಬೆಳಗಿನ ಕೊರತೆಯ ಗುರುತು ಅವನ ಮೈಯಲ್ಲಿ ಉಳಿದಿರಲಿಲ್ಲ. ಮದ್ಯದ ಗುರುತೂ ಸಿಗಲಿಲ್ಲ. ಅದಕ್ಕೆ ಸೂಪರ್‌ವೈಸರ್, "ಪರೀಕ್ಷೆಗೆ ಸಿಗದ ಗುಳಿಗೆಗಳೂ ಇರ್ತಾವೆ" ಎಂದ. ಅಷ್ಟು ಸಾಕಾಯಿತು. ಕ್ಯಾಂಪಿನಲ್ಲಿ ವರ್ಷಗಟ್ಟಲೆ ಅವನಿಂದ ಬುದ್ಧಿವಾದ ಕೇಳಿಸಿಕೊಂಡ ಕುಡುಕರಿಗೆ ಹಬ್ಬವೋ ಹಬ್ಬ. ಮೌಲ್ವಿಯ ಬಣ್ಣ ಬಯಲಾಯಿತು ಎಂದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು.

ಎರಡು ವಾರದ ನಂತರ ಆಸ್ಪತ್ರೆಗೆ ಹೋದೆ. ಬೆನ್ನುಹುರಿ ಹೋಗಿತ್ತು, ಸೊಂಟದ ಕೆಳಗೆ ಏನೂ ಇರಲಿಲ್ಲ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಪಕ್ಕದಲ್ಲಿ ಅವನ ಹೆಂಡತಿಯ ಅಣ್ಣ ಕೈಕಟ್ಟಿ ನಿಂತಿದ್ದರು. ಬರ್ ದುಬೈಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ತಂಗಿಯ ಗಂಡನನ್ನು ಇಲ್ಲಿಗೆ ಕರೆಸಿಕೊಂಡವರು. ಕುರ್ಚಿ ಇದ್ದರೂ ಅವರು ಕೂತಿರಲಿಲ್ಲ.

ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. "ಅಣ್ಣಾ, ಒಳ್ಳೆದಾಯ್ತು ನೀವು ಬಂದದ್ದು. ಇವರಿಗೆ ಹೇಳಿ. ನಾನು ಏನೂ ತೆಕೊಂಡಿಲ್ಲ ಅಂತ ಹೇಳಿ. ಮನೆಯಲ್ಲಿ ಹೆಂಡ್ತಿ ಫೋನಿಗೂ ಬರ್ತಾ ಇಲ್ಲ. ನೀವು ಹೇಳಿದ್ರೆ ಇವರು ನಂಬ್ತಾರೆ."

ಅವರು ನನ್ನ ಕಡೆ ತಿರುಗಿದರು. "ನನಗೆ ಒಂದೇ ಒಂದು ಗೊತ್ತಾಗ್ಬೇಕು. ಗ್ಯಾಸಿನಿಂದ ತಲೆ ಕೆಡ್ತದಂತೆ, ಹೌದಾ? ಅವತ್ತು ಒಳಗೆ ಗಾಳಿ ಸರಿ ಇತ್ತಾ?"

ಡಿಸ್ಕವರಿ ಗಾರ್ಡನ್ಸ್‌ನಲ್ಲಿರುವ ನನ್ನ ಮನೆ, ಹನ್ನೊಂದನೇ ತರಗತಿಯ ಮಗಳು, ವೀಸಾ, ಜೈಲು, ಎಲ್ಲವೂ ಕಣ್ಣ ಮುಂದೆ ಬಂದವು ಎಂದು ಹೇಳಬಹುದು. ಹೇಳಿದರೆ ಅದು ಸುಳ್ಳು. ಏನೂ ಬರಲಿಲ್ಲ. ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

"ಗಾಳಿ ಸರಿ ಇತ್ತು. ನಾನೇ ನೋಡಿದ್ದು" ಎಂದೆ.

ಅವರು ತಲೆಯಾಡಿಸಿದರು. ಹಾಸಿಗೆಯ ಕಡೆ ಮತ್ತೆ ನೋಡಲೇ ಇಲ್ಲ, ಅಂಗಡಿಗೆ ಹೊತ್ತಾಯಿತೆಂದು ಹೊರಟರು.

ಅವನು ಬಾಗಿಲನ್ನೇ ನೋಡುತ್ತಿದ್ದ. ನಳಿಕೆಯಿಂದ ಸಣ್ಣಗೆ ಸದ್ದು ಬರುತ್ತಿತ್ತು. ಅವನು ನನ್ನನ್ನು ಬಯ್ಯಲಿ ಎಂದು ಆಸೆಪಟ್ಟೆ, ದೇವರಾಣೆಗೂ.

ಕೊನೆಗೆ ಅವನೇ ನನ್ನ ಕೈ ಹಿಡಿದುಕೊಂಡ. "ಹಾಗಾದ್ರೆ ನಾನೇ ಏನೋ ತೆಕೊಂಡಿರ್ಬೇಕು ಅಣ್ಣಾ. ನೆನಪಾಗ್ತಾ ಇಲ್ಲ. ಅಷ್ಟು ಖುಷಿ ಸುಮ್ಮನೆ ಬರ್ತದಾ?" ಎಂದ. ಕೈ ಬಿಡದೆ, "ನನಗೋಸ್ಕರ ನೀವು ಸುಳ್ಳು ಹೇಳ್ಲಿಲ್ಲ, ಅದು ದೊಡ್ಡದು" ಎಂದ.