ವೈನಿಯ ಏಳು ಪ್ಲೇಟು, ಅವ್ವನ ನಾಲ್ಕು ಹಾಡು

ಮೊನ್ನೆ ಚಳಿಗಾಲದ ಹೊದಿಕೆ ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಹಳೆಯ ಸೀರೆಯೋ ಮದುವೆಯ ಶಾಲೋ ನೆನಪಾಗಬಹುದು. ನನಗೆ ಇಂಗ್ಲಿಷ್ ಹಾಡು ನೆನಪಾಗುತ್ತದೆ. ಹಾಗೆಂದರೆ ಮನೆಯವರು ನಗುತ್ತಾರೆ, ಅದಕ್ಕೇ ಹೇಳುವುದನ್ನು ಬಿಟ್ಟಿದ್ದೇನೆ.

ಲಕ್ಷ್ಮೇಶ್ವರದಲ್ಲಿ ನಮ್ಮ ಮಗ್ಗಲ ಮನೆಗೆ ಬಾಡಿಗೆಗೆ ಬಂದಿದ್ದವರನ್ನು ನಾನು ಅತ್ತಿಗೆಯೆಂಬ ಸಲಿಗೆಯಲ್ಲಿ ವೈನಿ ಎನ್ನುತ್ತಿದ್ದೆ. ಅವರು ತಮ್ಮ ಗ್ರಾಮಫೋನ್ ಪ್ಲೇಟುಗಳನ್ನು ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಎಂಬತ್ತನೆಯ ಇಸವಿಯ ಆಸುಪಾಸು ಅದು. ನಾನು ಪಿಯುಸಿ ಓದುತ್ತಿದ್ದೆ. ವೈನಿ ಬೆಳಗಾವಿ ಕಡೆಯವರು, ಇಪ್ಪತ್ತೆಂಟರ ಹರೆಯ, ಮಕ್ಕಳಿರಲಿಲ್ಲ. ಅವರ ಯಜಮಾನರದು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಸರಕಾರಿ ನೌಕರಿ. ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ತಂದುಕೊಟ್ಟ ಏಳು ಪ್ಲೇಟುಗಳು ವೈನಿಯ ಹತ್ತಿರ ಇದ್ದವು. ಏಳೂ ಒಂದೇ ತಂಡದವು. ಉದ್ದ ಕೂದಲು ಬಿಟ್ಟ ನಾಲ್ವರು ಇಂಗ್ಲಿಷ್ ಗಂಡಸರು, ಗಿಟಾರು, ಡ್ರಮ್ಮು, ಗಂಟಲು ಹರಿಯುವಂಥ ದನಿ. ರಾಕ್ ಸಂಗೀತ ಎಂಬ ಮಾತು ಇಡೀ ಲಕ್ಷ್ಮೇಶ್ವರದಲ್ಲಿ ವೈನಿಗೆ ಮತ್ತು ನನಗೆ ಮಾತ್ರ ಗೊತ್ತು ಎಂದು ನಾನು ನಂಬಿದ್ದೆ. ಆ ನಂಬಿಕೆಯಲ್ಲಿ ಎಷ್ಟು ಸುಖವಿತ್ತೆಂದರೆ...

ಮಧ್ಯಾಹ್ನ ಕಾಲೇಜು ಬಿಟ್ಟವಳು ಚೀಲ ಎಸೆದು ನೇರ ಅವರ ಮನೆಗೆ ಓಡುತ್ತಿದ್ದೆ. ಕರೆಂಟಿದ್ದರೆ ಪ್ಲೇಟು, ಇಲ್ಲದಿದ್ದರೆ ಹರಟೆ. ಪ್ಲೇಟಿನ ಹೊದಿಕೆಯ ಹಿಂದೆ ಅಚ್ಚಾಗಿದ್ದ ಇಂಗ್ಲಿಷನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ವೈನಿಗೆ ಅರ್ಥ ಹೇಳುವುದು ನನ್ನ ಕೆಲಸ. ವೈನಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ಆಗ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಮೂರು ತಿಂಗಳಾದ ಮೇಲೆ ಒಂದು ದಿನ, ಪ್ಲೇಟನ್ನು ಹೊದಿಕೆಯಿಂದ ತೆಗೆದು ಹಚ್ಚುವ ಅಧಿಕಾರ ನನಗೆ ಸಿಕ್ಕಿತು.

"ಅಂಚ ಅಷ್ಟ ಹಿಡೀಬೇಕ ನೋಡು. ನಡುವ ಬೆರಳ ತಾಗಬಾರ್ದು," ಎಂದರು.

ಆ ದಿನ ಮನೆಗೆ ಬಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಯಾರೂ ಮುಟ್ಟಬಾರದ್ದನ್ನು ನಾನು ಮುಟ್ಟಿದ್ದೆ.

ಯಾವ ಪ್ಲೇಟು ಎಲ್ಲಕ್ಕಿಂತ ಚಲೋ, ಯಾವ ಹಾಡು ಮೊದಲನೆಯದು ಎಂದು ನಾವಿಬ್ಬರೂ ದಿನವೂ ವಾದ ಮಾಡುತ್ತಿದ್ದೆವು. ಪ್ಲೇಟುಗಳ ಉದ್ದುದ್ದ ಇಂಗ್ಲಿಷ್ ಹೆಸರುಗಳು ನನ್ನ ಬಾಯಿಗೆ ಒಗ್ಗದೆ, ಹೊದಿಕೆಯ ಚಿತ್ರ ನೋಡಿ ಹೆಸರಿಟ್ಟುಕೊಂಡಿದ್ದೆವು. ಕುದುರಿ ಪ್ಲೇಟು, ಏಣಿ ಪ್ಲೇಟು, ಖಾಲಿ ಕುರ್ಚಿ ಪ್ಲೇಟು. ವೈನಿಗೆ ಕುದುರಿ ಪ್ಲೇಟೆಂದರೆ ಜೀವ. ನಾನು ಏಣಿ ಪ್ಲೇಟಿನ ಪಕ್ಷ. ಅದರ ಎರಡನೆಯ ಬದಿಯಲ್ಲಿ ಒಂದೇ ಹಾಡು, ಪೂರಾ ಇಪ್ಪತ್ತು ನಿಮಿಷ. ಅಷ್ಟು ಉದ್ದದ ಹಾಡನ್ನು ಮೆಚ್ಚುವವರು ತಿಳಿವಳಿಕೆಯುಳ್ಳವರೇ ಇರಬೇಕೆಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ಖರೆ ಹೇಳಬೇಕೆಂದರೆ ಹನ್ನೆರಡನೆಯ ನಿಮಿಷದ ಹೊತ್ತಿಗೆ ನನಗೆ ತೂಕಡಿಕೆ ಬರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವ್ವ ಬಂದಳು. ನನ್ನನ್ನು ಬೈದು ಕರೆದೊಯ್ಯಲಿಕ್ಕೇ ಬಂದಿದ್ದಳು.

"ಮನ್ಯಾಗ ಕೆಲಸ ಹಂಗ ಬಿದ್ದಾವು, ಈಕಿ ಇಲ್ಲಿ ಬಂದು ಕುಂತಾಳ."

"ಬರ್ರಿ ಅಕ್ಕಾರ, ಕುಂಡ್ರಿ. ಇದೊಂದು ಹಾಡ ಮುಗೀಲಿ," ಎಂದರು ವೈನಿ.

ಅವ್ವ ಹೊಸ್ತಿಲ ಹತ್ತಿರವೇ ಕುಳಿತಳು. ಕುದುರಿ ಪ್ಲೇಟಿನ ಎರಡನೆಯ ಹಾಡು ನಡೆದಿತ್ತು. ಅವಳು ಭಜನೆಯಲ್ಲಿ ಬೆಳೆದವಳು, ಅವಳಿಗೆ ಇದೆಲ್ಲ ಗದ್ದಲವೇ ಅನ್ನಿಸುತ್ತದೆ ಎಂದುಕೊಂಡು ನಾನು ವೈನಿಯ ಕಡೆ ನೋಡಿ ಕಣ್ಣು ಮಿಟುಕಿಸಿದೆ. ವೈನಿ ನನ್ನನ್ನು ನೋಡುತ್ತಿರಲಿಲ್ಲ. ಅವ್ವನ ಬಲಗೈಯನ್ನು ನೋಡುತ್ತಿದ್ದರು. ಅದು ಮೊಣಕಾಲಿನ ಮೇಲೆ ತಟ್ ತಟ್ ತಟ್ ಎಂದು ಬಡಿಯುತ್ತ, ನಾಲ್ಕನೆಯ ಪೆಟ್ಟಿಗೆ ಸ್ವಲ್ಪ ಸರಿದು, ಮತ್ತೆ ಬಡಿಯುತ್ತಿತ್ತು.

"ಇದಕ್ಕ ರೊಟ್ಟಿ ಬಡೀಬಹುದಲ್ಲ ಯವ್ವಾ," ಎಂದಳು ಅವ್ವ.

ವೈನಿ ನಕ್ಕರು. ಎಂಟು ತಿಂಗಳು ಡಿಕ್ಷನರಿ ಹೊತ್ತರೂ ನನಗೆ ಒಮ್ಮೆಯೂ ಸಿಗದ ನಗು ಅದು, ಹೊಟ್ಟೆಯೊಳಗಿಂದ ಬಂದದ್ದು. ನನ್ನ ಹೊಟ್ಟೆಯೊಳಗೂ ಅದೇ ಹೊತ್ತಿಗೆ ಏನೋ ಹೊತ್ತಿಕೊಂಡಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಸುಮ್ಮನೆ ಮಾಡಿಲ್ಲ ನಮ್ಮವರು.

ಮರುದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವ್ವ ಆಗಲೇ ಅಲ್ಲಿದ್ದಳು. ವೈನಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಅಂಚು ಒಡೆಯುತ್ತಿತ್ತು. ಅವ್ವ ತನ್ನ ಕಟ್ಟಿಗೆಯ ಕೊಣಮಿಗೆ ಸಮೇತ ಹೋಗಿ, ಅದರಲ್ಲಿ ಹಿಟ್ಟು ನಾದಿ, ಅವರನ್ನು ಎದುರಿಗೆ ಕೂರಿಸಿಕೊಂಡು ಹಾಡಿಗೆ ಸರಿಯಾಗಿ ರೊಟ್ಟಿ ಬಡಿಯಲು ಕಲಿಸುತ್ತಿದ್ದಳು. ಆ ಹಾಡಿಗೆ ರೊಟ್ಟಿ ಹಾಡು ಎಂದೇ ಹೆಸರಾಯಿತು. ಅದೇ ಬೆನ್ನಿಗೆ ಇನ್ನೂ ಮೂರಕ್ಕೆ ಅವ್ವ ನಾಮಕರಣ ಮಾಡಿದಳು. ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮ ತಿರುಗುವುದು ಗಿರಣಿ ಹಾಡು. ನಿಧಾನವಾದದ್ದು ತೊಟ್ಟಿಲ ಹಾಡು. ಇನ್ನೊಂದರಲ್ಲಿ ಆ ಇಂಗ್ಲಿಷ್ ಮನುಷ್ಯ ಏನು ಕೂಗುತ್ತಿದ್ದನೋ, ಅವ್ವನಿಗೆ ಅದು "ಬಾರವ್ವಾ ಬಾ" ಎಂದು ಕೇಳಿಸುತ್ತಿತ್ತು.

"ಅದು ಹಂಗಲ್ಲವ್ವಾ," ಎಂದು ನಾನು ನಿಜವಾದ ಶಬ್ದ ಓದಿ ತೋರಿಸಿದೆ.

"ಇರಲಿ ಬಿಡು, ಕರಿಯೋದಂತೂ ಖರೆ ಐತೆಲ್ಲ," ಎಂದಳು. ವೈನಿ ಮತ್ತೆ ಅದೇ ನಗು ನಕ್ಕರು.

ಅಂದಿನಿಂದ ವೈನಿಯ ಬಾಯಲ್ಲಿ ಅವ್ವನ ಹೆಸರುಗಳೇ. ನಾನು ಕಷ್ಟಪಟ್ಟು ಬಾಯಿಪಾಠ ಮಾಡಿದ ಹಾಡುಗಳ ಇಂಗ್ಲಿಷ್ ಹೆಸರುಗಳನ್ನು ಕೇಳುವವರೇ ಇಲ್ಲ. ಒಂದು ದಿನ ಕುದುರಿ ಪ್ಲೇಟಿನ ಮೇಲೆ, ನಟ್ಟನಡುವೆ, ಹಿಟ್ಟಿನ ಬೆರಳಿನ ಗುರುತು ಕಂಡೆ. ಅವ್ವನ ಬೆರಳು. ವೈನಿ ಬೈಯುತ್ತಾರೆಂದು ಕಾದೆ. ಅವರು ಸೆರಗಿನಿಂದ ಮೆಲ್ಲಗೆ ಒರೆಸಿ ಪ್ಲೇಟು ಹಚ್ಚಿದರು. ನಾನು ತಲೆನೋವೆಂದು ಹೇಳಿ ಮನೆಗೆ ಬಂದುಬಿಟ್ಟೆ. ನನ್ನ ಹೆತ್ತ ತಾಯಿಯನ್ನು ಕಂಡು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ, ಅದೂ ದಿನಕ್ಕೆ ಮೂರು ಹೊತ್ತು, ಅವಳು ಬಡಿದ ರೊಟ್ಟಿಯನ್ನೇ ತಿನ್ನುತ್ತ.

ಈಗ ಯೋಚಿಸಿದರೆ, ಅಪ್ಪನ ಶಾಲೆಯ ಗಂಟೆಗೆ ಸರಿಯಾಗಿ ಒಲೆ ಹಚ್ಚಿ ಆರಿಸುತ್ತಿದ್ದ ಅವ್ವನಿಗೆ ಗೆಳತಿ ಅಂತ ಇದ್ದದ್ದು ಆ ವೈನಿ ಒಬ್ಬರೇ. ಆಗ ಅದು ತಲೆಗೆ ಹೊಳೆಯಲಿಲ್ಲ. ವೈನಿ ನನ್ನವರು, ನಾನು ಮೊದಲು ಕಂಡವಳು, ಅಷ್ಟೇ.

ವರ್ಗದ ಆರ್ಡರು ಬಂದಾಗ ಹೊರಡಲು ನಾಲ್ಕೇ ದಿನ ಇದ್ದವು. ವೈನಿ ಒಂದು ಖಾಲಿ ಕ್ಯಾಸೆಟ್ ತರಿಸಿದರು. ಗದಗಿನಲ್ಲಿ ಸ್ಟೇಶನ್ನಿನ ಹತ್ತಿರ ಪ್ಲೇಟಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿಯೊಂದಿತ್ತು. ಯಾವ ಪ್ಲೇಟು, ಯಾವ ಬದಿ, ಎಷ್ಟನೆಯ ಹಾಡು ಎಂದು ಇಂಗ್ಲಿಷಿನಲ್ಲಿ ಪಟ್ಟಿ ಬರೆದುಕೊಡಬೇಕು. ಯಜಮಾನರು ಕೆಲಸದ ಮೇಲೆ ಗದಗಿಗೆ ಹೋಗುವವರಿದ್ದರು, ಪ್ಲೇಟನ್ನೂ ಪಟ್ಟಿಯನ್ನೂ ಅವರೇ ಒಯ್ಯುವುದೆಂದಾಯಿತು.

"ಅರವತ್ತು ನಿಮಿಷದ ಕ್ಯಾಸೆಟ್ ಐತಿ. ಎಂಟು ಹಾಡು ನಿನ್ನವು ಬರಿ, ಅಕ್ಕಾರವು ನಾಕು ಬರಿ. ಅವರವು ನಿನಗ ಗೊತ್ತ ಅದಾವಲ್ಲ," ಎಂದರು ವೈನಿ, ಪಾತ್ರೆಗಳನ್ನು ಗೋಣಿಗೆ ತುಂಬುತ್ತ.

ರೊಟ್ಟಿ, ಗಿರಣಿ, ತೊಟ್ಟಿಲು, ಬಾರವ್ವಾ ಎಂದು ಬರೆದರೆ ಅಂಗಡಿಯವನಿಗೆ ತಿಳಿಯುವುದಿಲ್ಲ. ಅವಕ್ಕೆ ನಿಜವಾದ ಹೆಸರು ಬರೆಯಬಲ್ಲವಳು ನಾನೊಬ್ಬಳೇ ಎಂದು ಆಗ ನಂಬಿದ್ದೆ. ಎಂಟು ಬರೆದೆ. ಆಮೇಲೆ ಹೊದಿಕೆಗಳನ್ನು ತಿರುವಿ ಲೆಕ್ಕ ಹಾಕಿದೆ. ಅವ್ವನ ನಾಲ್ಕೂ ಸೇರಿದರೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಏಣಿ ಪ್ಲೇಟಿನ ನನ್ನ ಹಾಡೂ ಇಪ್ಪತ್ತು ನಿಮಿಷ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆನೆಂದು ಬರೆದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತೇನೋ. ಹಾಗೆ ಕುಳಿತಿರಲಿಲ್ಲ. ಒಂಬತ್ತನೆಯದಾಗಿ ಅದನ್ನೇ ಸರಸರ ಬರೆದು, ಮಡಚಿ, ಯಜಮಾನರ ಕೈಗೆ ಕೊಟ್ಟೆ. ಗಂಟುಮೂಟೆಯ ಗಡಿಬಿಡಿಯಲ್ಲಿದ್ದ ವೈನಿ ಅದನ್ನು ಬಿಚ್ಚಿ ನೋಡಲಿಲ್ಲ.

ಅವರು ಊರು ಬಿಟ್ಟು ಒಂದು ವಾರದ ಮೇಲೆ ಗದಗಿನ ಪರಿಚಯದವರೊಬ್ಬರು ಕ್ಯಾಸೆಟ್ ತಂದುಕೊಟ್ಟರು. ಅಪ್ಪ ಪ್ರವಚನ ಕೇಳಲೆಂದು ಹುಬ್ಬಳ್ಳಿಯಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಅವ್ವ ತಾನೇ ಎತ್ತಿಕೊಂಡು ಅಡುಗೆಮನೆಗೆ ತಂದಳು. ಹಿಟ್ಟು ನಾದಿಟ್ಟುಕೊಂಡು, ಒಲೆಯ ಮೇಲೆ ಹಂಚು ಇಟ್ಟು, "ಹಚ್ಚು ಇನ್ನ," ಎಂದಳು. ಮೊದಲ ಬದಿ ಮುಗಿಯಿತು. ಅವಳು ಬೇರೆ ಹಾಡಿಗೆ ರೊಟ್ಟಿ ಬಡಿಯಲಿಲ್ಲ, ತನ್ನದು ಬರಲೆಂದು ಕಾದಳು. ತಿರುವಿ ಹಾಕಿದೆ. ಎರಡು ಹಾಡಾದ ಮೇಲೆ ಏಣಿ ಪ್ಲೇಟಿನದು ಸುರುವಾಯಿತು. ಐದು ನಿಮಿಷ, ಹತ್ತು ನಿಮಿಷ... ಹಂಚು ಕಾದು ಹೊಗೆಯಾಡಿತು. ನಾದಿದ ಹಿಟ್ಟು ಮೇಲೆ ಒಣಗಿ ಬಿರಿಯತೊಡಗಿತು.

"ಇದ್ರಾಗ ನಮ್ಮವು ಇಲ್ಲಲ್ಲ?" ಎಂದಳು.

"ಅಂಗಡ್ಯಾವ ಮರತಿರಬೇಕು," ಎಂದೆ.

ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತೇನೂ ಅಲ್ಲ.

"ಆತು ಬಿಡು," ಎಂದು ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದಿದಳು. ಆ ಕ್ಯಾಸೆಟ್ ಹಚ್ಚೆಂದು ಮತ್ತೆ ಯಾವತ್ತೂ ಕೇಳಲಿಲ್ಲ. ನನಗೂ ಅದನ್ನು ಕೇಳುವ ಮನಸ್ಸಾಗಲಿಲ್ಲ. ಗೆದ್ದದ್ದೇನೋ ನಾನೇ.

ಎಂಟು ವರ್ಷಗಳ ಮೇಲೆ ಮುಂಡರಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ನನ್ನ ಮದುವೆಯಾಗಿತ್ತು, ಅವ್ವ ತೀರಿಕೊಂಡು ವರ್ಷವಾಗಿತ್ತು. ಊಟದ ಪಂಕ್ತಿಯಲ್ಲಿ ಯಾರೋ ಹಿಂದಿನಿಂದ ಬೆನ್ನ ಮೇಲೆ ಕೈಯಿಟ್ಟರು. ವೈನಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವ್ವನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಪಕ್ಕದ ಎಲೆಯ ಮುಂದೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಹೇಳಿದರು:

"ಅಕ್ಕಾರು ನನಗ ಕಾಗದ ಬರೀತಿದ್ರು. ವರ್ಷದಿಂದ ಯಾಕ ಬರ್ಲಿಲ್ಲಂತ ಈಗ ತಿಳೀತು. ಕ್ಯಾಸೆಟ್ ಮುಟ್ಟಿದ ಮ್ಯಾಲಿನ ಕಾಗದ ಇನ್ನೂ ಇಟ್ಟೀನಿ ನಾ. ನಾಕೂ ಹಾಡು ಬಂದಾವು, ದಿನಾ ರೊಟ್ಟಿ ಹಾಡ ಹಚ್ಚಿ ರೊಟ್ಟಿ ಬಡೀತೀನಿ, ಹುಡುಗಿ ಭಾಳ ಕಾಳಜೀಲೆ ಪಟ್ಟಿ ಬರದಾಳ ಅಂತ ಬರದಿದ್ರು."

ನಾನು ಎಲೆಯಲ್ಲಿನ ಅನ್ನವನ್ನು ಮತ್ತೆ ಮತ್ತೆ ಕಲಸಿದೆ.

"ಹೌದಿಲ್ಲೋ?" ಎಂದರು ವೈನಿ.

"ಹೌದ್ರಿ," ಎಂದೆ.

ಅವ್ವ ಸುಳ್ಳು ಹೇಳಿದ್ದು ನನಗೆ ಗೊತ್ತಿರುವುದು ಅದೊಂದೇ. ನನ್ನ ಮುಖವನ್ನು ಆ ದಿನ ಒಲೆಯ ಮುಂದೆ ನೋಡಿದಾಗಲೇ ಎಲ್ಲ ತಿಳಿದುಕೊಂಡಿದ್ದಳು. ವೈನಿಯ ಕಣ್ಣಿನಲ್ಲಿ ನಾನು ಸಣ್ಣವಳಾಗಬಾರದೆಂದು ತನ್ನ ಗೆಳತಿಗೇ ಸುಳ್ಳು ಬರೆದಿದ್ದಳು. ಇದನ್ನು ಕೇಳಿ ನನಗೆ ಮೊದಲು ನಾಚಿಕೆಯಾಗಬೇಕಿತ್ತು, ಅಳು ಬರಬೇಕಿತ್ತು. ಅವೆರಡೂ ಆಮೇಲೆ ಬಂದವು, ಬಸ್ಸಿನಲ್ಲಿ, ಡಂಬಳ ದಾಟಿದ ಮೇಲೆ. ಮೊದಲು ಬಂದದ್ದು ಬೇರೆ. ಇಷ್ಟು ವರ್ಷ ಇವರಿಬ್ಬರೂ ನನಗೆ ಹೇಳದೆ ಕಾಗದ ಬರೆದುಕೊಳ್ಳುತ್ತಿದ್ದರಲ್ಲ ಎಂದು ಮತ್ತೆ ಅದೇ ಹಳೆಯ ಕಿಚ್ಚು, ಎಲೆಯ ಮುಂದೆ ಕುಳಿತಲ್ಲೇ.

ವೈನಿ ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ಈಗ ಆ ತಂಡದ ಹಾಡುಗಳೆಲ್ಲ ಫೋನಿನಲ್ಲಿ ಸಿಗುತ್ತವೆ, ಪ್ಲೇಟಿಗೆ ಬೆರಳು ತಾಗುವ ಭಯವಿಲ್ಲ. ಮೊಮ್ಮಗಳು ಹುಡುಕಿಕೊಟ್ಟಳು. ಪಟ್ಟಿ ಉದ್ದ ಇರುವುದನ್ನು ನೋಡಿ, "ಅಜ್ಜಿ, ಇದ್ರಾಗ ನಿನ್ನ ಫೇವರಿಟ್ ಯಾವು?" ಎಂದು ಕೇಳಿದಳು. ತಡಮಾಡದೆ ನಾಲ್ಕು ಹೇಳಿದೆ. ಇಪ್ಪತ್ತು ನಿಮಿಷದ್ದು ಅದರಲ್ಲಿ ಇರಲಿಲ್ಲ. ಅವಳು ಮೊದಲನೆಯದನ್ನು, ರೊಟ್ಟಿ ಹಾಡನ್ನು, ಹಚ್ಚಿದಳು. ಚಲೋ ಹಾಡು, ನಾನು ಬರೆದ ಎಂಟಕ್ಕಿಂತ ಚಲೋ. "ಇವು ನೀನ ಆರಿಸಿದ್ವೇನು?" ಎಂದಳು.

ಹೂಂ, ನನ್ನವೇ ಎಂದೆ. ಅಲ್ಲ ಅನ್ನಲು ಅವರಿಬ್ಬರೂ ಈಗ ಇಲ್ಲ.